ಇನ್ನೂರೈವತ್ತಕ್ಕೆ ಒಂದು

ಕತ್ತಿನ ಹಿಂದೆ ನೀರಿನ ತೆಳುಪದರ:
ಎರಡು ಪಾಯಿಂಟ್ ಒಂಬತ್ತು ಮಿಲಿಮೀಟರು.
ಕಿರುಬೆರಳುದ್ದದ ಜೀವ ಒಮ್ಮೆ ಹೊರಳಿತು.
ಮತ್ತೆ ಅಳೆದೆ. ಅಷ್ಟೇ ಬಂತು.

ಗೋಡೆಯ ಮೇಲೆ ಕಾನೂನಿನ ಹಲಗೆ:
ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ.
ಹಲಗೆಯ ಕೆಳಗೆ ಕೂತವರು ಕೇಳುವುದೂ ಇಲ್ಲ,
ಬರೀ ನನ್ನ ಮುಖ ಓದುತ್ತಾರೆ.
ಹದಿನೇಳು ವರ್ಷದಲ್ಲಿ ಅಳತೆಗಿಂತ ಹೆಚ್ಚಾಗಿ
ಈ ಮುಖ ಮುಚ್ಚಿಡುವುದನ್ನೇ ಕಲಿತೆ.

ನನ್ನ ಸಂಶೋಧನೆ ಸಣ್ಣದು.
ಯಂತ್ರದೊಳಗಿನ ಸರಾಸರಿ
ಎಲ್ಲೋ ಹಿಮ ಬೀಳುವ ಊರಿನ ಬಸಿರಿಂದ ಬಂದದ್ದು.
ಅವರು ಬೆಳಿಗ್ಗೆ ಮುದ್ದೆ ಉಂಡವರಲ್ಲ,
ಮಾಗಡಿ ರಸ್ತೆಯ ಬಸ್ಸಲ್ಲಿ ನಿಂತು ಬಂದವರಲ್ಲ.
ಅದಕ್ಕೇ ಸೋಮವಾರ, ಗುರುವಾರ
ಮಾರ್ಕೆಟ್ಟಿನ ಹೂ ಕಟ್ಟುವವರ,
ಗೋರಿಪಾಳ್ಯದ ಊದುಬತ್ತಿ ಹೊಸೆಯುವವರ,
ಪೀಣ್ಯದ ಗಾರ್ಮೆಂಟ್ಸಿನವರ
ರಕ್ತ ಸಣ್ಣ ಕೊಳವೆಗಳಲ್ಲಿ ತುಂಬಿ
ನಮ್ಮೂರಿಗೊಂದು ಸರಾಸರಿ ಹುಡುಕುತ್ತೇನೆ.
ಈವರೆಗೆ ಎರಡು ಸಾವಿರದ ಮುನ್ನೂರ ಹನ್ನೊಂದು.
ಲೆಕ್ಕದ ಹಾಳೆಯಲ್ಲಿ ಹೆಸರು ಬರೆಯುವಂತಿಲ್ಲ.
ಆದರೂ ೧೪೦೬ ಅಂದರೆ ನನಗೆ ಚಿಕ್ಕತಾಯಮ್ಮ.

ಎಂದಿನ ಹಾಗೆ ವಿವರಿಸಿದೆ:
ಇದಿನ್ನೂ ಬರೀ ಸಾಧ್ಯತೆ,
ನಿಮ್ಮಂಥ ಇನ್ನೂರೈವತ್ತು ಜನರನ್ನು ನಿಲ್ಲಿಸಿದರೆ
ಅದರಲ್ಲಿ ಒಬ್ಬರ ಮಗುವಿಗೆ...
ಅವಳು ತಡೆದಳು.
"ನಾನು ಚೆಕಿಂಗ್ ಟೇಬಲ್ಲು ಮೇಡಂ.
ಇನ್ನೂರೈವತ್ತು ಶರ್ಟಿಗೆ ಒಂದೇ ರಿಜೆಕ್ಟು ಅಂದ್ರೆ
ನಮ್ ಸೂಪರ್‌ವೈಸರು ಲೈನಿಗೆಲ್ಲ ಮೈಸೂರ್‌ಪಾಕ್ ಹಂಚ್ತಾನೆ."

ನರ್ಸ್ ಫಿಲೋಮಿನಾ ನಕ್ಕುಬಿಟ್ಟಳು.
ನಾನೂ ನಕ್ಕೆ. ಯಾವ ಪ್ರಬಂಧದಲ್ಲೂ
ಇಷ್ಟು ಚೆಂದ ಯಾರೂ ಬರೆದದ್ದಿಲ್ಲ.
ಆಮೇಲೆ, ಯಾಕೋ, ಬಾಯಿಗೆ ಬಂತು:
ಆ ಒಂದನ್ನ ಏನು ಮಾಡ್ತೀರಿ?
"ಹೊಲಿಗೆ ತಪ್ಪಿದ್ರೆ ಆಲ್ಟ್ರೇಷನ್ನಿಗೆ.
ಬಟ್ಟೇಲೇ ತಪ್ಪಿದ್ರೆ..."
ಸೆರಗಿನಿಂದ ಇಣುಕಿದ ದಾರವೊಂದನ್ನು
ಉಗುರಲ್ಲಿ ಕಿತ್ತಳು.
ಕಾಗದಕ್ಕೆ ಸಹಿ ಹಾಕಿದಳು, ದುಂಡಗೆ, ಕಾಪಿ ಬರೆದಂತೆ.

ಸೂಜಿ. ಒಣಹುಲ್ಲಿನ ಬಣ್ಣದ ನೀರು, ನಾಲ್ಕು ಚಮಚ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ ಕಾವು.
ನಡುವೆ ಒಂದು ರಾತ್ರಿ ಕರೆಂಟು ಹೋಗಿ
ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುವವರೆಗೆ
ಕೆಂಪರಾಜು ಪೆಟ್ಟಿಗೆಗೆ ತನ್ನ ಶಾಲು ಹೊದಿಸಿ ಕೂತನಂತೆ.
ಅದರಿಂದ ಏನೂ ಪ್ರಯೋಜನವಿಲ್ಲ.
ನಾನು ಬೈಯಲಿಲ್ಲ.

ಹನ್ನೊಂದನೆಯ ದಿನ ಗಾಜಿನ ಮೇಲೆ
ಶ್ಯಾವಿಗೆ ಚೂರು ಚೆಲ್ಲಿದ ಹಾಗೆ ವರ್ಣತಂತುಗಳು.
ಈಗ ಕಂಪ್ಯೂಟರೇ ಜೋಡಿಸುತ್ತದೆ.
ನಾನು ಕಲಿಯುವಾಗ ಫೋಟೋ ತೆಗೆದು
ಉಗುರುಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ
ಗೋಂದು ಹಚ್ಚಿ ಸಾಲಾಗಿ ಅಂಟಿಸುತ್ತಿದ್ದೆವು.
ಶಾಲೆಯ ಪ್ರಾರ್ಥನೆಗೆ ಗಿಡ್ಡವರು ಮುಂದೆ,
ಇಲ್ಲಿ ಹಿಂದೆ.
ಹಳೇ ರೂಢಿ, ಪರದೆಗೆ ಬೆರಳಿಟ್ಟು ಎಣಿಸಿದೆ.
ಗಿಡ್ಡವರ ಸಾಲಿನಲ್ಲಿ, ಇಪ್ಪತ್ತೊಂದನೆಯ ಜಾಗದಲ್ಲಿ
ಇಬ್ಬರಿರಬೇಕಾದಲ್ಲಿ ಮೂವರು.

ಕೊನೆಯ ಜೋಡಿಯ ಮೇಲೆ ಅಂಗೈ ಮುಚ್ಚಿ
ಅವಳಿಗೆ ಚಿತ್ರ ತೋರಿಸಿದೆ.
ಅವಳೂ ಎಣಿಸಿದಳು. ಎರಡು ಸಲ.
"ಎಕ್ಸ್‌ಟ್ರಾ ಐತೆ," ಎಂದಳು. "ಕಮ್ಮಿ ಏನಿಲ್ವಲ್ಲ."

ಹೇಳಬೇಕಾದ್ದೆಲ್ಲ ಹೇಳಿದೆ,
ಹೃದಯ, ಮಾತು, ಶಾಲೆ,
ಇರುವ ಎರಡು ದಾರಿ, ಕಾನೂನಿನ ಗಡುವು,
ಯಾವ ಕಡೆಗೂ ವಾಲದ ದನಿಯಲ್ಲಿ.
ಆ ದನಿಗೆ ತರಬೇತಿ ಇದೆ.
"ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು
ಬಾಗಿಲ ಹೊರಗೆ ಚಪ್ಪಲಿ ಹುಡುಕಿಕೊಂಡು ಹೋದಳು.

ಫೋನು ಸ್ವಿಚ್ ಆಫ್.
ಕಾರ್ಖಾನೆಯಲ್ಲಿ, ಬಿಟ್ಟುಹೋದಳು ಅಂದರು.
೧೪೦೬ರ ಎದುರು ಕೊನೆಯ ಕಾಲಂ ಖಾಲಿ.
ನಿಯಮದ ಪ್ರಕಾರ ಬರೆಯಬೇಕಾದ್ದು: ಸಂಪರ್ಕ ತಪ್ಪಿದೆ.
ನಾಲ್ಕು ವರ್ಷವಾಯಿತು, ಬರೆದಿಲ್ಲ.

ಭಾನುವಾರ, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತು.
ಎಕ್ಸ್‌ಪೋರ್ಟ್ ರಿಜೆಕ್ಟಿನ ರಾಶಿ,
ಯಾವುದು ತಗೊಂಡ್ರೂ ನೂರೈವತ್ತು.
ಒಂದು ನೀಲಿ ಅಂಗಿ, ಮೂರು ವರ್ಷದ ಮಗುವಿನ ಅಳತೆ.
ಬೆಳಕಿಗೆ ಎತ್ತಿ ಹಿಡಿದೆ.
ಕಾಲರು, ಕಂಕುಳು, ಕಾಜ,
ಮಗುಚಿ ಒಳಹೊಲಿಗೆಯನ್ನೂ ನೋಡಿದೆ.
"ಏನ್ ಹುಡುಕ್ತಿದೀರಿ ಮೇಡಂ?" ಅಂದ ಮಾರುವ ಹುಡುಗ.
ತಪ್ಪು ಎಲ್ಲಿದೆ ಅಂತ, ಎಂದೆ.
ಅವನೂ ಬಗ್ಗಿ
ಹುಡುಕತೊಡಗಿದ.